ಹೆರಿಂಗ್ ಮೀನಿನ ಬೆನ್ನು ಹತ್ತಿ ಹೋದವರು

ನಮ್ಮ ಕರಾವಳಿಯ ಮನೆಗಳಲ್ಲಿ ಬೂತಾಯಿ ಗೊತ್ತಿಲ್ಲದವರು ಯಾರೂ ಇಲ್ಲ. ಕಾರವಾರದ ಕಡೆ ಅದನ್ನು ತಾರ್ಲೆ ಎನ್ನುತ್ತಾರೆ, ಕಾಸರಗೋಡು ದಾಟಿದರೆ ಮತ್ತಿ. ಬಂದರೆ ದೋಣಿ ತುಂಬ ಬರುತ್ತದೆ, ಮುನಿಸಿಕೊಂಡರೆ ವರ್ಷಗಟ್ಟಲೆ ಕಾಣುವುದಿಲ್ಲ. ಎಣ್ಣೆಯಂಶ ಹೆಚ್ಚಾದ್ದರಿಂದ ರುಚಿಯೂ ಹೆಚ್ಚು, ಕೆಡುವುದೂ ಬೇಗ. ಇದೇ ಬೂತಾಯಿಯ ಕುಟುಂಬಕ್ಕೆ ಸೇರಿದ, ಆದರೆ ಉತ್ತರದ ತಣ್ಣನೆಯ ಕಡಲಲ್ಲಿ ಬದುಕುವ ಇನ್ನೊಂದು ಮೀನಿದೆ. ಅದರ ಹೆಸರು ಹೆರಿಂಗ್. ಯುರೋಪಿನ ಎಷ್ಟೋ ಪಟ್ಟಣಗಳು ಈ ಒಂದು ಮೀನಿನಿಂದ ಶ್ರೀಮಂತವಾದವು. ಆ್ಯಮ್‌ಸ್ಟರ್‌ಡಾಮ್ ನಗರ ನಿಂತಿರುವುದೇ ಹೆರಿಂಗ್ ಮೀನಿನ ಮುಳ್ಳುಗಳ ಮೇಲೆ ಎಂದು ಡಚ್ಚರು ಹೇಳಿಕೊಳ್ಳುತ್ತಿದ್ದರು.

ಪಟ್ಟಣಗಳ ಕಥೆಯನ್ನು ಇತಿಹಾಸದ ಪುಸ್ತಕಗಳು ಹೇಳುತ್ತವೆ. ನಾವು ಇಲ್ಲಿ ಹೇಳಹೊರಟಿರುವುದು ಸ್ಕಾಟ್ಲೆಂಡಿನಲ್ಲಿ ಈ ಮೀನಿನ ಹಂಗಾಮಿಗಾಗಿ ಪ್ರತಿ ವರ್ಷ ಮನೆ ಬಿಟ್ಟು ಹೊರಡುತ್ತಿದ್ದ ಬಡವರ ಕಥೆಯನ್ನು, ಅದರಲ್ಲೂ ಹೆಣ್ಣುಮಕ್ಕಳ ಕಥೆಯನ್ನು. ಮೀನು ಹಿಡಿದವರು ಗಂಡಸರೇ ಇರಬಹುದು. ಆದರೆ ಹಿಡಿದ ಮೀನು ಹಣವಾಗಿ ಬದಲಾಗುತ್ತಿದ್ದುದು ಈ ಹೆಣ್ಣುಮಕ್ಕಳ ಬೆರಳುಗಳಲ್ಲಿ.

ಹೆರಿಂಗ್ ವ್ಯಾಪಾರದ ಮರ್ಮವೆಲ್ಲ ಉಪ್ಪಿನಲ್ಲಿತ್ತು. ಹಿಡಿದ ಮೀನನ್ನು ಒಂದು ದಿನದೊಳಗೆ ಕರುಳು ತೆಗೆದು ಉಪ್ಪಿಗೆ ಹಾಕದಿದ್ದರೆ ಅದು ಯಾವ ಮಾರುಕಟ್ಟೆಗೂ ಬೇಡ. ಸರಿಯಾಗಿ ಉಪ್ಪು ಹಾಕಿ ಪೀಪಾಯಿಯಲ್ಲಿ ತುಂಬಿದರೆ ತಿಂಗಳುಗಟ್ಟಲೆ ಇರುತ್ತದೆ, ಸಾವಿರಾರು ಮೈಲಿ ಹೋಗುತ್ತದೆ. ಈ ಕೆಲಸದಲ್ಲಿ ಡಚ್ಚರು 17ನೇ ಶತಮಾನದಲ್ಲಿ ಯಾರೂ ಮೀರಿಸಲಾಗದಷ್ಟು ಮುಂದಿದ್ದರು. ಬ್ರಿಟನ್ ಬಹಳ ಕಾಲ ಹಿಂದೆಯೇ ಉಳಿಯಿತು. 1808ರಲ್ಲಿ ಕಾಯ್ದೆ ತಂದು, ನಿಯಮದ ಪ್ರಕಾರ ಉಪ್ಪು ಹಾಕಿದ ಪ್ರತಿ ಪೀಪಾಯಿಗೂ ಸರಕಾರ ಪ್ರೋತ್ಸಾಹಧನ ಕೊಡತೊಡಗಿತು. ಅಧಿಕಾರಿಗಳು ಪೀಪಾಯಿ ತೆರೆದು ನೋಡಿ, ಒಪ್ಪಿದರೆ ಕಾಯಿಸಿದ ಕಬ್ಬಿಣದಿಂದ ಕಿರೀಟದ ಮುದ್ರೆ ಒತ್ತುತ್ತಿದ್ದರು. ಆ ಮುದ್ರೆ ಇದ್ದರೆ ಜರ್ಮನಿಯ ವ್ಯಾಪಾರಿ ಪೀಪಾಯಿಯ ಮುಚ್ಚಳ ತೆಗೆಯದೆಯೇ ಹಣ ಕೊಡುತ್ತಿದ್ದ. ಮೀನಿನ ವ್ಯಾಪಾರದಲ್ಲಿ ಅಂಥ ನಂಬಿಕೆ ಗಳಿಸುವುದು ಸಣ್ಣ ಮಾತಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಆ ಮೊದಲ ದಿನಗಳಲ್ಲಿ ಕಡಿಮೆ ದರ್ಜೆಯ ಹೆರಿಂಗ್ ಎಲ್ಲಿಗೆ ಹೋಗುತ್ತಿತ್ತು? ಒಂದಿಷ್ಟು ಐರ್ಲೆಂಡಿನ ಬಡವರಿಗೆ, ಬಹಳಷ್ಟು ವೆಸ್ಟ್ ಇಂಡೀಸ್‌ನ ಕಬ್ಬಿನ ತೋಟಗಳಿಗೆ. ಅಲ್ಲಿ ಆಫ್ರಿಕಾದಿಂದ ಹಿಡಿದು ತಂದ ಗುಲಾಮರಿಗೆ ಅಗ್ಗದಲ್ಲಿ ಹೊಟ್ಟೆ ತುಂಬಿಸಲು ತೋಟದ ಮಾಲೀಕರು ಈ ಉಪ್ಪುಮೀನನ್ನು ಕೊಳ್ಳುತ್ತಿದ್ದರು. 1833ರಲ್ಲಿ ಗುಲಾಮಗಿರಿ ರದ್ದಿನ ಕಾನೂನು ಬಂದ ಮೇಲೆ ಆ ಮಾರುಕಟ್ಟೆ ಬಿದ್ದುಹೋಯಿತು. ವರ್ತಕರು ಬಾಲ್ಟಿಕ್ ಕಡಲಿನ ಬಂದರುಗಳತ್ತ, ಅಲ್ಲಿಂದ ಜರ್ಮನಿ ಮತ್ತು ರಷ್ಯಾದತ್ತ ತಿರುಗಿದರು. ಸ್ಕಾಟ್ಲೆಂಡಿನ ಬಡವ ಉಪ್ಪು ಹಾಕಿದ್ದನ್ನು ಜಮೈಕಾದ ಗುಲಾಮ ತಿಂದ, ಆಮೇಲೆ ರಷ್ಯಾದ ರೈತ ತಿಂದ. ಲಾಭದ ದೊಡ್ಡ ಪಾಲು ಮಾತ್ರ ನಡುವಿನವರ ಕೈಯಲ್ಲಿ ಉಳಿಯಿತು.

ಉಪ್ಪಿನ ಮಾತು ಬಂದದ್ದರಿಂದ ನಮ್ಮ ಊರಿನ ಒಂದು ಸಂಗತಿ. ಬ್ರಿಟನ್ ತನ್ನ ನೆಲದಲ್ಲಿ ಉಪ್ಪಿನ ಸುಂಕವನ್ನು 1825ರಲ್ಲೇ ತೆಗೆದುಹಾಕಿತು. ಭಾರತದಲ್ಲಿ ಮಾತ್ರ ಅದೇ ಸರಕಾರ ಉಪ್ಪಿನ ತೆರಿಗೆಯನ್ನು ಬಿಡಲಿಲ್ಲ. ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಮತ್ತು ಮಲಬಾರಿನಲ್ಲಿ ಮೀನಿಗೆ ಉಪ್ಪು ಹಾಕಬೇಕಾದರೆ, ಸರಕಾರವೇ ಬೇಲಿ ಹಾಕಿ ಕಾವಲಿಟ್ಟ ಅಂಗಳದೊಳಗೆ ಹೋಗಿ, ಅಲ್ಲಿ ಕಡಿಮೆ ಬೆಲೆಗೆ ಕೊಡುವ ಉಪ್ಪನ್ನು ಅಲ್ಲೇ ಬಳಸಬೇಕಿತ್ತು. ಹಾಗಾಗಿ ನಮ್ಮ ಬೂತಾಯಿಗೂ ಅವರ ಹೆರಿಂಗಿಗೂ ಕುಲದ ನಂಟು ಮಾತ್ರವಲ್ಲ, ಒಂದೇ ಖಜಾನೆಯ ನಂಟೂ ಇತ್ತು.

ಈಗ ವಿಕ್ ಎಂಬ ಊರಿಗೆ ಬರೋಣ. ಸ್ಕಾಟ್ಲೆಂಡಿನ ಈಶಾನ್ಯ ತುದಿಯ ಈ ಸಣ್ಣ ಊರಿನ ಪಕ್ಕದಲ್ಲಿ, 1786ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಮೀನುಗಾರಿಕಾ ಸಂಘವು 19ನೇ ಶತಮಾನದ ಮೊದಲ ವರ್ಷಗಳಲ್ಲಿ ಪಲ್ಟ್ನಿಟೌನ್ ಎಂಬ ಹೊಸ ಪೇಟೆಯನ್ನೂ ಬಂದರನ್ನೂ ಕಟ್ಟಿಸಿತು. ನಕ್ಷೆ ಹಾಕಿದವರು ಪ್ರಸಿದ್ಧ ಎಂಜಿನಿಯರ್ ಥಾಮಸ್ ಟೆಲ್ಫೋರ್ಡ್. ಶತಮಾನದ ಮಧ್ಯಭಾಗದಲ್ಲಿ ಬೇಸಿಗೆಯ ಹಂಗಾಮಿಗೆ ಇಲ್ಲಿ ಸಾವಿರ ದೋಣಿಗಳು ಸೇರುತ್ತಿದ್ದವು. ಸಂಜೆ ಹೊರಟು, ಕತ್ತಲಲ್ಲಿ ಮೀನು ಮೇಲಕ್ಕೆ ಬರುವ ಹೊತ್ತಿಗೆ ಬಲೆಗಳನ್ನು ನೀರಿನಲ್ಲಿ ಪರದೆಯ ಹಾಗೆ ಇಳಿಬಿಟ್ಟು, ಬೆಳಗಾಗುವಾಗ ಎಳೆದುಕೊಂಡು ಬರಬೇಕು.

ಇಷ್ಟು ದೋಣಿಗಳಿಗೆ ಊರಿನ ಜನ ಸಾಲುತ್ತಿರಲಿಲ್ಲ. ಪಶ್ಚಿಮದ ಬೆಟ್ಟನಾಡಿನಿಂದ, ಲೂಯಿಸ್ ಮುಂತಾದ ದ್ವೀಪಗಳಿಂದ ಸಾವಿರಾರು ಮಂದಿ ಕೂಲಿಗೆ ಬರುತ್ತಿದ್ದರು. ರೈಲು ಬರುವ ಮುಂಚಿನ ಕಾಲದಲ್ಲಿ ಅವರು ದ್ವೀಪದಿಂದ ದೋಣಿಯಲ್ಲಿ ದಾಟಿ, ಆಮೇಲೆ ಬೆಟ್ಟಗಳ ನಡುವೆ ಕಾಲ್ನಡಿಗೆಯಲ್ಲೇ ಬರುತ್ತಿದ್ದರು. ಅವರ ಭಾಷೆ ಗೇಲಿಕ್, ವಿಕ್ ಪಟ್ಟಣದವರದು ಇಂಗ್ಲಿಷ್ ಕಡೆಗೆ ವಾಲಿದ ಸ್ಕಾಟ್ ಭಾಷೆ. ಊರವರಿಗೆ ಇವರ ದುಡಿಮೆ ಬೇಕಿತ್ತು, ಇವರು ಬೇಕಿರಲಿಲ್ಲ.

ದೋಣಿಗಳೂ ದುರ್ಬಲವಾಗಿದ್ದವು. ಮೇಲ್ಮುಚ್ಚಿಗೆ ಇಲ್ಲದ ತೆರೆದ ದೋಣಿಗಳು. 1848ರ ಆಗಸ್ಟ್ 19ರಂದು ಬೀಸಿದ ಬಿರುಗಾಳಿಗೆ ಆ ಕರಾವಳಿಯ ಉದ್ದಕ್ಕೂ 124 ದೋಣಿಗಳು ನಾಶವಾಗಿ ನೂರು ಮಂದಿ ಸತ್ತರು. ಹಲವರು ಮುಳುಗಿದ್ದು ಬಂದರಿನ ಬಾಯಲ್ಲೇ, ದಡದಲ್ಲಿ ಮನೆಯವರು ನೋಡುತ್ತಿರುವಾಗ. ಕ್ಯಾಪ್ಟನ್ ವಾಷಿಂಗ್ಟನ್ ಎಂಬ ನೌಕಾಧಿಕಾರಿ ತನಿಖೆ ಮಾಡಿ, ಮುಚ್ಚಿಗೆಯ ದೋಣಿಗಳೂ ನೀರಿಳಿದಾಗಲೂ ಒಳಗೆ ಬರಬಹುದಾದಷ್ಟು ಆಳದ ಬಂದರುಗಳೂ ಬೇಕು ಎಂದು ಮರುವರ್ಷ ವರದಿ ಕೊಟ್ಟರು. ಅದು ಜಾರಿಗೆ ಬರಲು ದಶಕಗಳೇ ಹಿಡಿದವು. ಮುಚ್ಚಿಗೆ ಹಾಕಿದರೆ ಮೀನು ತುಂಬುವ ಜಾಗ ಕಡಿಮೆಯಾಗುತ್ತದೆ ಎನ್ನುವುದು ಆಗಿನ ಒಂದು ವಾದವಾಗಿತ್ತು.

1859ರ ಆಗಸ್ಟಿನಲ್ಲಿ ವಿಕ್ ಪೇಟೆಯಲ್ಲಿ ಇಬ್ಬರು ಹುಡುಗರು ಒಂದು ಕಿತ್ತಳೆ ಹಣ್ಣಿಗಾಗಿ ಜಗಳವಾಡಿದರು. ಒಬ್ಬ ಊರಿನವನು, ಇನ್ನೊಬ್ಬ ದ್ವೀಪದಿಂದ ಬಂದವನು. ದೊಡ್ಡವರು ಸೇರಿಕೊಂಡರು. ಸಂಜೆಯೊಳಗೆ ಅದು ಊರವರಿಗೂ ಗೇಲಿಕ್ ಕೂಲಿಗಳಿಗೂ ನಡುವಿನ ಗಲಭೆಯಾಯಿತು. ದಿನಗಟ್ಟಲೆ ಊರು ಉದ್ವಿಗ್ನವಾಗಿತ್ತು, ಕೊನೆಗೆ ಸೈನ್ಯವನ್ನು ಕರೆಸಬೇಕಾಯಿತು. ಇಂದಿಗೂ ಅದನ್ನು ಕಿತ್ತಳೆ ಯುದ್ಧ ಎಂದು ಕರೆಯುತ್ತಾರೆ. ಹೆಸರು ಕೇಳಿ ನಗು ಬರಬಹುದು. ಆದರೆ ಜಗಳ ಹಣ್ಣಿನದಾಗಿರಲಿಲ್ಲ ಎಂಬುದು ನಮ್ಮ ನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೆಣ್ಣುಮಕ್ಕಳ ಕೆಲಸ ದೋಣಿ ದಡ ಮುಟ್ಟಿದ ಮೇಲೆ ಶುರು. ಅವರನ್ನು ಗೊತ್ತುಮಾಡುವ ಕ್ರಮ ಹೀಗಿತ್ತು. ಚಳಿಗಾಲ ಮುಗಿಯುವುದರೊಳಗೆ ಉಪ್ಪುಮೀನಿನ ವರ್ತಕ, ಇಲ್ಲವೇ ಅವನ ಕಡೆಯವನು, ಹಳ್ಳಿಹಳ್ಳಿಗೆ ಬಂದು ಮುಂಗಡ ಕೊಡುತ್ತಿದ್ದ. ಆ ಮುಂಗಡಕ್ಕೆ ಅವರ ಭಾಷೆಯಲ್ಲಿ ಆರ್ಲ್ಸ್ ಎನ್ನುತ್ತಿದ್ದರು. ಅದನ್ನು ಕೈಯಲ್ಲಿ ಹಿಡಿದರೆ ಇಡೀ ಹಂಗಾಮಿಗೆ ಅವನ ಕೆಲಸಕ್ಕೆ ಕಟ್ಟುಬಿದ್ದ ಹಾಗೆ. ಬೇರೆ ಕಡೆ ಹೆಚ್ಚು ಕೂಲಿ ಸಿಕ್ಕರೂ ಹೋಗುವಂತಿಲ್ಲ. ಚಳಿಗಾಲದಲ್ಲಿ ಮನೆಯಲ್ಲಿ ಕಾಳು ತೀರಿದಾಗ ಬರುವ ಮುಂಗಡವನ್ನು ಬೇಡ ಎನ್ನುವವರು ಯಾರು? ಮುಂಗಡದ ಋಣ ಎಂದರೇನೆಂದು ನಮ್ಮಲ್ಲಿ ಇಟ್ಟಿಗೆ ಗೂಡಿನವರಿಗೂ ಗೊತ್ತು.

ಮೂವರ ಒಂದು ತಂಡ. ಇಬ್ಬರು ಕರುಳು ತೆಗೆಯುವವರು, ಒಬ್ಬಳು ಪೀಪಾಯಿ ತುಂಬುವವಳು. ತುಂಬುವವಳು ಎತ್ತರವಿದ್ದರೆ ಒಳ್ಳೆಯದು, ಮೊದಲ ಪದರಗಳನ್ನು ಜೋಡಿಸಲು ತಲೆಕೆಳಗಾಗಿ ಬಾಗಿ ಪೀಪಾಯಿಯ ತಳ ಮುಟ್ಟಬೇಕಲ್ಲ. ಹದಿನೈದು ವರ್ಷಕ್ಕೇ ಕೆಲಸಕ್ಕೆ ಹೊರಟವರಿದ್ದರು. ಅಕ್ಕತಂಗಿಯರು, ನೆರೆಮನೆಯವರು ಸೇರಿ ತಂಡ ಕಟ್ಟುತ್ತಿದ್ದರು. ಹೆರಿಂಗ್ ಮೀನು ಬೇಸಿಗೆಯ ಆರಂಭದಲ್ಲಿ ಉತ್ತರದಲ್ಲಿ ಸಿಗುತ್ತದೆ, ಹೋಗುತ್ತ ಹೋಗುತ್ತ ದಕ್ಷಿಣದ ಬಂದರುಗಳಲ್ಲಿ. ಇವರೂ ಹಾಗೆಯೇ. ಮೇ ತಿಂಗಳಲ್ಲಿ ಸ್ಟೋರ್ನೊವೇ, ಜೂನ್‌ನಲ್ಲಿ ಶೆಟ್ಲೆಂಡಿನ ಲೆರ್ವಿಕ್, ಆಮೇಲೆ ವಿಕ್, ಫ್ರೇಸರ್‌ಬರೋ, ಪೀಟರ್‌ಹೆಡ್, ಸೆಪ್ಟೆಂಬರ್ ಕಳೆಯುವಾಗ ಇಂಗ್ಲೆಂಡಿನ ಪೂರ್ವ ತೀರದ ಗ್ರೇಟ್ ಯಾರ್ಮತ್ ಮತ್ತು ಲೋಸ್ಟಾಫ್ಟ್. ಮೊದಲ ಮಹಾಯುದ್ಧಕ್ಕೆ ಮುಂಚೆ ಪ್ರತಿ ಶರತ್ಕಾಲದಲ್ಲಿ ಸ್ಕಾಟ್ಲೆಂಡಿನಿಂದ ಈ ಎರಡು ಊರುಗಳಿಗೆ ವಿಶೇಷ ರೈಲುಗಳಲ್ಲಿ ಸಾವಿರಾರು ಹೆಣ್ಣುಮಕ್ಕಳು ಇಳಿಯುತ್ತಿದ್ದರು. ಬಟ್ಟೆಬರೆ, ಹಾಸಿಗೆ, ಚಾಕು ಎಲ್ಲ ಒಂದು ಮರದ ಪೆಟ್ಟಿಗೆಯಲ್ಲಿ. ಬಾಡಿಗೆ ಕೋಣೆಯಲ್ಲಿ ಆ ಪೆಟ್ಟಿಗೆಯೇ ಕುಳಿತುಕೊಳ್ಳುವ ಬೆಂಚು, ಊಟದ ಮೇಜು. ಮನೆಯೊಡತಿಯರು ಇವರು ಬರುವ ಮುಂಚೆ ನೆಲದ ಹಾಸು ಸುತ್ತಿಡುತ್ತಿದ್ದರು, ಮೀನಿನ ವಾಸನೆ ಹತ್ತಬಾರದೆಂದು.

ಧಕ್ಕೆಯ ಹತ್ತಿರ ಬಯಲಲ್ಲಿ ಉದ್ದನೆಯ ಮರದ ತೊಟ್ಟಿಗಳು. ಅದರೊಳಗೆ ಮೀನು ಸುರಿದು ಮೇಲಿಂದ ಉಪ್ಪು ಎರಚುತ್ತಿದ್ದರು, ಜಾರುವ ಮೀನು ಕೈಗೆ ಹಿಡಿತ ಸಿಗಲೆಂದು. ಒಂದು ಗಿಡ್ಡ ಚಾಕು. ಕಿವಿರಿನ ಹತ್ತಿರ ಒಂದು ತಿವಿತ, ಒಂದು ತಿರುವು, ಕರುಳೂ ಕಿವಿರೂ ಒಟ್ಟಿಗೆ ಹೊರಗೆ. ಮೀನು ಹಿಂದಿನ ಬುಟ್ಟಿಗೆ. ಹಾಗೆ ಎಸೆಯುವಾಗಲೇ ಅದರ ಗಾತ್ರ ನೋಡಿ, ಹೊಟ್ಟೆಯಲ್ಲಿ ಮೊಟ್ಟೆ ಇದೆಯೋ ಇಲ್ಲವೋ ನೋಡಿ, ಸರಿಯಾದ ದರ್ಜೆಯ ಬುಟ್ಟಿಗೇ ಹಾಕಬೇಕು. ಕೈಪಳಗಿದವರು ನಿಮಿಷಕ್ಕೆ ನಲವತ್ತರಿಂದ ಅರವತ್ತು ಮೀನು ಮುಗಿಸುತ್ತಿದ್ದರು. ಸೆಕೆಂಡಿಗೊಂದು ಎಂದಾಯಿತು. ಅಷ್ಟರಲ್ಲಿ ದರ್ಜೆಯ ತೀರ್ಮಾನವೂ ಆಗಬೇಕು. ಇದನ್ನು ಕುಶಲವಲ್ಲದ ಕೆಲಸ ಎಂದು ಆ ಕಾಲದ ಲೆಕ್ಕಪುಸ್ತಕಗಳು ಬರೆದಿದ್ದರೆ ಅದು ಲೆಕ್ಕ ಬರೆದವರ ದೋಷ.

ತುಂಬುವವಳು ಹೊಟ್ಟೆ ಮೇಲಾಗಿ, ತಲೆ ಪೀಪಾಯಿಯ ಅಂಚಿಗೆ ತಾಗುವಂತೆ ಸಾಲು ಜೋಡಿಸಿ, ಪದರಕ್ಕೊಂದು ಉಪ್ಪು ಹರಡುತ್ತಿದ್ದಳು. ಒಂದು ಪೀಪಾಯಿಗೆ ಏಳುನೂರರಿಂದ ಸಾವಿರ ಮೀನು. ಎಂಟು ಹತ್ತು ದಿನ ಬಿಟ್ಟರೆ ಮೀನು ಕುಗ್ಗಿ ಕೆಳಗಿಳಿಯುತ್ತದೆ. ಆಗ ಅದೇ ದಿನದ ಮೀನಿನಿಂದ ಮತ್ತೆ ತುಂಬಿ, ಉಪ್ಪುನೀರು ಹುಯ್ದು ಮುಚ್ಚಬೇಕು. ಮುದ್ರೆ ಹಾಕುವ ಅಧಿಕಾರಿ ಯಾವ ಪೀಪಾಯಿಯನ್ನು ತೆಗೆದು ನೋಡುತ್ತಾನೋ ಗೊತ್ತಿಲ್ಲ, ಒಂದು ಸಾಲು ಕೆಟ್ಟಿದ್ದರೂ ತಂಡದ ಹೆಸರು ಕೆಡುತ್ತದೆ.

ಕೂಲಿ ದಿನಕ್ಕಲ್ಲ, ಪೀಪಾಯಿಗೆ. ಸಾವಿರಕ್ಕಿಷ್ಟು ಎಂದು ಬೀಡಿ ಕಟ್ಟುವ ಮನೆಗಳಲ್ಲಿ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಮೊದಲ ಮಹಾಯುದ್ಧಕ್ಕೆ ಮುಂಚೆ ಪೀಪಾಯಿಗೆ ಎಂಟು ಪೆನ್ಸ್ ಆಸುಪಾಸು ಸಿಗುತ್ತಿತ್ತು, ಅದನ್ನು ಮೂವರು ಹಂಚಿಕೊಳ್ಳಬೇಕು. ಊಟ, ಬಾಡಿಗೆಗೆಂದು ವಾರಕ್ಕೊಮ್ಮೆ ಸ್ವಲ್ಪ ಹಣ, ಉಳಿದದ್ದು ಹಂಗಾಮು ಮುಗಿದ ಮೇಲೆ. ಮೀನು ಬರದ ದಿನ ಪೀಪಾಯಿ ಇಲ್ಲ, ಪೀಪಾಯಿ ಇಲ್ಲದಿದ್ದರೆ ಕೂಲಿ ಇಲ್ಲ. ಮೀನು ತುಂಬಿ ಬಂದ ದಿನ ಮಧ್ಯರಾತ್ರಿ ಕಳೆದರೂ ತೊಟ್ಟಿ ಖಾಲಿಯಾಗುವವರೆಗೆ ದೀಪದ ಬೆಳಕಿನಲ್ಲಿ ನಿಂತಿರಬೇಕು. ಕಾರ್ಖಾನೆಗಳಲ್ಲಿ ಹೆಂಗಸರು ದುಡಿಯುವ ಗಂಟೆಗಳಿಗೆ ಬ್ರಿಟನ್ನಿನ ಕಾನೂನು ಮಿತಿ ಹಾಕಿತ್ತು. ಆದರೆ 1901ರ ಕಾರ್ಖಾನೆ ಕಾಯ್ದೆ, ದೋಣಿಯಿಂದ ಬಂದ ಕೂಡಲೇ ಮೀನಿನ ಕರುಳು ತೆಗೆದು ಉಪ್ಪು ಹಾಕಿ ತುಂಬುವ ಕೆಲಸವನ್ನು ಆ ಮಿತಿಯಿಂದ ಹೊರಗಿಟ್ಟಿತು. ಮೀನು ಕಾಯುವುದಿಲ್ಲ ಎಂಬುದೇ ಕಾರಣ. ಹೆಣ್ಣುಮಕ್ಕಳು ಕಾಯಬಹುದಿತ್ತೋ ಏನೋ, ಅವರನ್ನು ಯಾರೂ ಕೇಳಿದಂತಿಲ್ಲ.

ಅವರ ಕೈಗಳ ವಿಷಯ ಹೇಳಬೇಕು. ಬೆಳಿಗ್ಗೆ ಎದ್ದ ಕೂಡಲೇ ಮಾಡುವ ಮೊದಲ ಕೆಲಸ ಹಿಟ್ಟಿನ ಚೀಲದ ಹತ್ತಿ ಬಟ್ಟೆಯನ್ನು ಪಟ್ಟಿಪಟ್ಟಿಯಾಗಿ ಹರಿದು ಒಂದೊಂದು ಬೆರಳಿಗೂ ಸುತ್ತಿ ದಾರ ಕಟ್ಟುವುದು. ಚಾಕು ಜಾರುವುದು ದಿನನಿತ್ಯದ ಮಾತು. ಗಾಯಕ್ಕೆ ಉಪ್ಪು ಇಳಿದರೆ ಹಂಗಾಮು ಮುಗಿಯುವವರೆಗೆ ಅದು ಮಾಯುವುದಿಲ್ಲ. ಕೆಲವರಿಗೆ ಉಪ್ಪಿನ ಹುಣ್ಣು ಎಲುಬಿನ ತನಕ ಹೋಗುತ್ತಿತ್ತು. ಚರ್ಚಿನ ಸೇವಾ ಸಂಘಗಳೂ ರೆಡ್ ಕ್ರಾಸ್‌ನವರೂ ಬಂದರಿನ ಪಕ್ಕ ಗುಡಿಸಲು ಹಾಕಿ ಗಾಯಕ್ಕೆ ಮುಲಾಮು ಹಚ್ಚಿ ಕಟ್ಟುತ್ತಿದ್ದರು, ಬಿಸಿ ಚಹಾ ಕೊಡುತ್ತಿದ್ದರು. ಇಂಥ ಕೈಗಳಲ್ಲೇ ಅವರು ಬಿಡುವಿನ ಹೊತ್ತು ನಿಟ್ಟಿಂಗ್ ಮಾಡುತ್ತಿದ್ದರು. ಯಾರ್ಮತ್ ಬೀದಿಗಳಲ್ಲಿ ಸಾಲಾಗಿ ಕೈಹಿಡಿದು ಹಾಡುತ್ತ, ನಡೆಯುತ್ತಲೇ ಉಣ್ಣೆಯ ಅಂಗಿ ಹೆಣೆಯುವ ಹುಡುಗಿಯರ ಚಿತ್ರಗಳು ಉಳಿದಿವೆ. ನಗುತ್ತಿದ್ದಾರೆ. ಕಷ್ಟದ ಜೊತೆಗೆ ಇದೂ ನಿಜ. ತಂದೆಯ ಮನೆಯಲ್ಲಿ ಗೇಣುದ್ದದ ಹೊಲ ನೋಡುತ್ತ ಕುಳಿತಿರಬೇಕಾದ ಹುಡುಗಿಗೆ ಸ್ವಂತ ದುಡ್ಡು, ಗೆಳತಿಯರು, ನೋಡದ ಊರು ಸಿಕ್ಕಿತ್ತು. ಹಿಂದಿರುಗುವಾಗ ತಾಯಿಗೆಂದು ಯಾರ್ಮತ್ ಹೆಸರು ಬರೆದ ಪಿಂಗಾಣಿ ಬಟ್ಟಲು ಕೊಂಡು ತರುತ್ತಿದ್ದರು. ದ್ವೀಪದ ಎಷ್ಟೋ ಮನೆಗಳಲ್ಲಿ ಬಾಡಿಗೆ ಕಟ್ಟಿದ್ದು, ಹಿಟ್ಟು ಕೊಂಡದ್ದು ಆ ಹುಡುಗಿಯರ ದುಡ್ಡಿನಿಂದಲೇ.

ಭಾನುವಾರ ಮಾತ್ರ ಅವರು ಚಾಕು ಮುಟ್ಟುತ್ತಿರಲಿಲ್ಲ. ಸ್ಕಾಟ್ಲೆಂಡಿನ ದೋಣಿಗಳು ಆ ದಿನ ಕಡಲಿಗೆ ಇಳಿಯುತ್ತಿರಲಿಲ್ಲ. ಇಂಗ್ಲೆಂಡಿನ ದೋಣಿಗಳು ಇಳಿದರೂ ಇವರು ಬಂದರಿನಲ್ಲಿ ಕಟ್ಟಿಹಾಕುತ್ತಿದ್ದರು. ಪರವೂರಿನಲ್ಲಿ, ಪೀಪಾಯಿಗೆ ಕೂಲಿ ಸಿಗುವ ಬದುಕಿನಲ್ಲಿ, ಆರಾಧನೆಯ ದಿನವನ್ನು ಬಿಟ್ಟುಕೊಡದಿರಲು ಗಟ್ಟಿ ಮನಸ್ಸು ಬೇಕು. ಯಾರ್ಮತ್‌ನಲ್ಲಿ ಇವರಿಗಾಗಿ ಗೇಲಿಕ್ ಭಾಷೆಯಲ್ಲೇ ಪ್ರಾರ್ಥನೆ ನಡೆಯುತ್ತಿತ್ತು.

ಈ ವಿಷಯದಲ್ಲಿ ಅವರ ಊರಿನವರು ಎಷ್ಟು ಕಟ್ಟುನಿಟ್ಟಾಗಿದ್ದರೆಂಬುದಕ್ಕೆ 1883ರ ಜೂನ್ 3ರ ಘಟನೆ ಸಾಕ್ಷಿ. ಪಶ್ಚಿಮ ತೀರದ ಸ್ಟ್ರೋಮ್ ಫೆರಿ ಎಂಬಲ್ಲಿ, ದ್ವೀಪದಿಂದ ಬಂದ ಮೀನನ್ನು ಸೋಮವಾರದ ಲಂಡನ್ ಮಾರುಕಟ್ಟೆಗೆ ಮುಟ್ಟಿಸಲು ರೈಲ್ವೆಯವರು ಭಾನುವಾರವೇ ರೈಲಿಗೆ ತುಂಬಲು ಹೊರಟರು. ಸುತ್ತಲಿನ ಮೀನುಗಾರರು ನೂರೈವತ್ತರಷ್ಟು ಮಂದಿ ಬಂದು ನಿಲ್ದಾಣವನ್ನು ಹಿಡಿದುಕೊಂಡರು. ಭಾನುವಾರ ಮುಗಿಯುವ ತನಕ ಒಂದು ಮೀನನ್ನೂ ಹೋಗಗೊಡಲಿಲ್ಲ. ಆ ಮೀನು ಅವರ ಜನರ ಹೊಟ್ಟೆಪಾಡೇ ಆಗಿತ್ತು ಎಂಬುದನ್ನು ಮರೆಯಬಾರದು. ಹತ್ತು ಮಂದಿಗೆ ನಾಲ್ಕು ತಿಂಗಳ ಸೆರೆಮನೆ ಶಿಕ್ಷೆಯಾಯಿತು.

ಮರುವರ್ಷವೇ ಬೇರೊಂದು ಹೊಡೆತ ಬಿತ್ತು. 1884ರಲ್ಲಿ ಮೀನು ಅತಿಯಾಗಿ ಸಿಕ್ಕಿ ಯುರೋಪಿನಲ್ಲಿ ಬೆಲೆ ಕುಸಿಯಿತು. ಅಲ್ಲಿಯ ತನಕ ವರ್ತಕರು ದೋಣಿಗಳಿಗೆ ಹಂಗಾಮು ಶುರುವಾಗುವ ಮುಂಚೆಯೇ ನಿಗದಿತ ಬೆಲೆ ಒಪ್ಪಿಕೊಳ್ಳುತ್ತಿದ್ದರು. ಈಗ ಆ ಪದ್ಧತಿ ಮುರಿದು, ದಿನದ ಹರಾಜು ಬಂತು. ನಷ್ಟ ವರ್ತಕನಿಂದ ದೋಣಿಯವನಿಗೆ, ದೋಣಿಯವನಿಂದ ಕೂಲಿಯವನಿಗೆ ಇಳಿಯಿತು. ಲೂಯಿಸ್ ದ್ವೀಪದ ಆಳುಗಳು ಇಡೀ ಬೇಸಿಗೆ ದುಡಿದು ಹೆಚ್ಚುಕಡಿಮೆ ಬರಿಗೈಯಲ್ಲಿ ಮನೆಗೆ ಬಂದರು. ಜಮೀನಿನ ಬಾಡಿಗೆ ಕಟ್ಟಲು ಬೇರೆ ದಾರಿ ಇರಲಿಲ್ಲ. ಅದೇ ದ್ವೀಪದಲ್ಲಿ ಸಾವಿರಾರು ಎಕರೆ ನೆಲವನ್ನು ಶ್ರೀಮಂತರ ಬೇಟೆಗಾಗಿ ಜಿಂಕೆಗಳಿಗೆ ಬಿಟ್ಟಿದ್ದರು. 1887ರ ನವೆಂಬರ್‌ನಲ್ಲಿ ನೂರಾರು ಮಂದಿ ಆ ಕಾಡಿಗೆ ನುಗ್ಗಿ ಜಿಂಕೆ ಹೊಡೆದು ಬೇಯಿಸಿ ತಿಂದರು. ಮುಂದಾಳುಗಳನ್ನು ಹಿಡಿದು ವಿಚಾರಣೆ ಮಾಡಿದಾಗ ಎಡಿನ್‌ಬರೋ ನ್ಯಾಯಾಲಯ ಅವರನ್ನು ನಿರ್ದೋಷಿಗಳೆಂದು ಬಿಟ್ಟಿತು. ಬಾಲ್ಟಿಕ್ ಬಂದರಿನಲ್ಲಿ ಪೀಪಾಯಿಯ ಬೆಲೆ ಇಳಿದದ್ದಕ್ಕೂ ದೂರದ ದ್ವೀಪದಲ್ಲಿ ಜಿಂಕೆ ಸತ್ತದ್ದಕ್ಕೂ ಸಂಬಂಧ ಹೀಗಿತ್ತು.

ವ್ಯಾಪಾರ ಚೇತರಿಸಿಕೊಂಡಿತು. ಹಾಯಿಯ ಬದಲು ಉಗಿಯಂತ್ರದ ದೋಣಿಗಳು ಬಂದವು, ಅವುಗಳ ಜೊತೆ ದೊಡ್ಡ ಸಾಲಗಳೂ ಬಂದವು. 1907ರಲ್ಲಿ ಉಪ್ಪು ಹಾಕಿ ರಫ್ತು ಮಾಡಿದ ಪೀಪಾಯಿಗಳು 25 ಲಕ್ಷ. 1913ರ ಶರತ್ಕಾಲದಲ್ಲಿ ಯಾರ್ಮತ್‌ನಲ್ಲಿ ಸಾವಿರಕ್ಕೂ ಹೆಚ್ಚು ದೋಣಿಗಳಿದ್ದವು. ನದಿಯ ಈ ದಡದಿಂದ ಆ ದಡಕ್ಕೆ ದೋಣಿಯ ಮೇಲೆಯೇ ನಡೆದು ಹೋಗಬಹುದಿತ್ತು ಎಂದು ಊರವರು ಹೇಳುತ್ತಿದ್ದರು. ಮರುವರ್ಷ ಯುದ್ಧ. ಯುದ್ಧ ಮುಗಿದಾಗ ಕೊಳ್ಳುವವರೇ ಇರಲಿಲ್ಲ: ರಷ್ಯಾದಲ್ಲಿ ಕ್ರಾಂತಿಯಾಗಿತ್ತು, ಜರ್ಮನಿಯ ಹಣಕ್ಕೆ ಬೆಲೆಯಿರಲಿಲ್ಲ. 1923ರ ಏಪ್ರಿಲ್‌ನಲ್ಲಿ ಮೆಟಗಾಮ ಎಂಬ ಹಡಗು ಸ್ಟೋರ್ನೊವೇಯಿಂದ ಸುಮಾರು ಮುನ್ನೂರು ಯುವಜನರನ್ನು ಕೆನಡಾಕ್ಕೆ ಕರೆದೊಯ್ದಿತು. ಅದೇ ವರ್ಷ, ಆ ದ್ವೀಪವನ್ನೇ ಕೊಂಡು ದೊಡ್ಡ ಮೀನು ಉದ್ಯಮ ಕಟ್ಟುವೆನೆಂದಿದ್ದ ಸೋಪಿನ ಸಾಹುಕಾರ ಲಾರ್ಡ್ ಲಿವರ್‌ಹ್ಯೂಮ್ ಯೋಜನೆ ಕೈಬಿಟ್ಟರು.

ಕುಗ್ಗುತ್ತಿದ್ದ ಆ ದಿನಗಳಲ್ಲೇ ಹೆಣ್ಣುಮಕ್ಕಳು ಬಾಯಿ ಬಿಟ್ಟದ್ದು. 1936ರ ಹಂಗಾಮಿನಲ್ಲಿ ಯಾರ್ಮತ್‌ನಲ್ಲಿ ಪೀಪಾಯಿಯ ದರ ಹೆಚ್ಚಿಸಬೇಕೆಂದು ಅವರು ಚಾಕು ಕೆಳಗಿಟ್ಟು ಮುಷ್ಕರ ಹೂಡಿದರು. ಅವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಮೂವತ್ತೈದು ವರ್ಷಗಳ ಹಿಂದೆ ಯಾವ ಕಾರಣ ಹೇಳಿ ಕಾನೂನು ಅವರಿಗೆ ವಿಶ್ರಾಂತಿ ನಿರಾಕರಿಸಿತ್ತೋ ಅದೇ ಕಾರಣ ಈಗ ಅವರ ಕೈಯಲ್ಲಿತ್ತು. ಮೀನು ಕಾಯುವುದಿಲ್ಲ. ಕಲ್ಲಿದ್ದಲು ವಾರಗಟ್ಟಲೆ ನೆಲದೊಳಗೆ ಇರಬಹುದು, ತೊಟ್ಟಿಯಲ್ಲಿ ಬಿದ್ದ ಹೆರಿಂಗ್ ಮರುದಿನಕ್ಕೆ ಗೊಬ್ಬರ.

ಎರಡನೆಯ ಮಹಾಯುದ್ಧದ ನಂತರ ಬರುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿದು, 1960ರ ದಶಕದ ಹೊತ್ತಿಗೆ ಯಾರ್ಮತ್‌ಗೆ ಬರುವ ಹುಡುಗಿಯರ ರೈಲು ನಿಂತೇಹೋಗಿತ್ತು. ಆಮೇಲೆ ಮೀನೂ ಹೋಯಿತು. ಹಿಂದೆ ತೇಲುವ ಬಲೆಯಲ್ಲಿ ಸಣ್ಣ ಮೀನು ಕಣ್ಣಿನೊಳಗಿಂದ ನುಸುಳಿ ಬದುಕಿಕೊಳ್ಳುತ್ತಿತ್ತು. ಇಡೀ ಗುಂಪನ್ನೇ ಸುತ್ತುವರಿದು ಎತ್ತುವ ಬಲೆಗಳಿಂದ ತಪ್ಪಿಸಿಕೊಳ್ಳುವುದು ಸಾಧ್ಯವಿರಲಿಲ್ಲ, ಸಿಕ್ಕಿದ್ದರಲ್ಲಿ ಬಹುಭಾಗ ಎಣ್ಣೆಗೆ, ಮೀನುಹಿಟ್ಟಿಗೆ ಹೋಯಿತು. 1977ರಲ್ಲಿ ಉತ್ತರ ಸಮುದ್ರದಲ್ಲಿ ಹೆರಿಂಗ್ ಹಿಡಿಯುವುದನ್ನೇ ನಿಷೇಧಿಸಬೇಕಾಯಿತು. 1980ರ ದಶಕದ ಆರಂಭದಲ್ಲಿ ನಿಷೇಧ ತೆರವಾದಾಗ ಮೀನು ಮರಳಿತ್ತು, ಪೀಪಾಯಿ ಮಾಡುವ ಬಡಗಿಗಳೂ ಚಾಕು ಹಿಡಿಯುವ ಹುಡುಗಿಯರೂ ಇರಲಿಲ್ಲ.

ಯಾರ್ಮತ್‌ನಲ್ಲಿ ಹೆರಿಂಗ್ ಹೊಗೆಯಾಡಿಸುತ್ತಿದ್ದ ಒಂದು ಹಳೆಯ ಕಾರ್ಖಾನೆ ಈಗ ವಸ್ತುಸಂಗ್ರಹಾಲಯ. ಸ್ಟೋರ್ನೊವೇ ಬಂದರಿನ ಹತ್ತಿರ ಹೆರಿಂಗ್ ಹುಡುಗಿಯ ಕಂಚಿನ ಪ್ರತಿಮೆಗಳಿವೆ. ಪ್ರತಿಮೆಯ ಹುಡುಗಿಗೆ ಹೆಸರಿಲ್ಲ.